ಬೆಚ್ಚನೆ ಗಾಳಿ, ಹೊಸ ಗಾಳಿ

ಅಮೆರಿಕ ದೇಶದ ಉತ್ತರದಲ್ಲಿ ಮಿನ್ನೆಸೋಟ ಎಂಬ ರಾಜ್ಯವಿದೆ. ಅಲ್ಲಿ ಬಹಳ ಚಳಿ. ಸೊನ್ನೆ ಡಿಗ್ರಿಗೆ ನೀರು ಮಂಜುಗಡ್ಡೆ ಆಗುತ್ತದೆ. ಜನವರಿಯಲ್ಲಿ ಅಲ್ಲಿ ಅದಕ್ಕಿಂತ 20 ಡಿಗ್ರಿ ಕೆಳಗೆ ಇಳಿಯುವುದೂ ಉಂಟು. ಇಂಥ ಚಳಿಯಲ್ಲಿ ಲಾರಿ ಓಡಿಸೋದು ಹೇಗೆ?

ಹಳೆಯ ಲಾರಿಯಲ್ಲಿ ಡ್ರೈವರ್ ಕೂರುವ ಜಾಗ ಬರೀ ತಗಡು. ಅದಕ್ಕೆ ಹೀಟರ್ ಹಾಕುತ್ತಿದ್ದರು. ಈ ಹೀಟರಿಗೆ ಬೇರೆ ಬೆಂಕಿ ಬೇಡ. ಎಂಜಿನ್ ತಣಿಸುವ ನೀರು 70-80 ಡಿಗ್ರಿ ಬಿಸಿಯಾಗುತ್ತದೆ. ಆ ನೀರು ಕೊಳವೆಯಲ್ಲಿ ಹೀಟರಿಗೆ ಬರುತ್ತದೆ. ಫ್ಯಾನ್ ಗಾಳಿ ಬೀಸುತ್ತದೆ. ಗಾಳಿ ಬೆಚ್ಚಗಾಗುತ್ತದೆ.

ಹೀಟರಿನಲ್ಲಿ ಎರಡು ಬಗೆ. ಒಂದು, ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಕಾಯಿಸುತ್ತದೆ. ಲಾರಿ ಬೇಗ ಬೆಚ್ಚಗಾಗುತ್ತದೆ. ಆದರೆ ನಮ್ಮ ಉಸಿರಿನಲ್ಲಿ ನೀರಿನ ಪಸೆ ಇದೆ. ಅದು ಗಾಜಿಗೆ ಕೂತು ದಾರಿ ಕಾಣದು.

ಇನ್ನೊಂದು, ಹೊರಗಿನ ಹೊಸ ಗಾಳಿಯನ್ನು ಕಾಯಿಸಿ ಒಳಗೆ ಬಿಡುತ್ತದೆ. 1947ರಲ್ಲಿ ಷೆವರ್ಲೆ ಕಂಪನಿ ಹೊಸ ಮಾದರಿಯ ಲಾರಿ ತಂದಿತು. ಹೆಚ್ಚು ಹಣ ಕೊಟ್ಟರೆ ಅದಕ್ಕೆ ಈ ಹೀಟರ್ ಸಿಗುತ್ತಿತ್ತು. ‘ಉಸಿರಾಡುವ ಕ್ಯಾಬಿನ್’ ಎಂದು ಕಂಪನಿ ಸಾರಿತು.

ಇದು ಚೆನ್ನಾಗಿ ಬೆಚ್ಚಗಿಡುತ್ತದೆಯೇ? ಹೌದು, ಆದರೆ ನಿಧಾನ. ಎಂಜಿನ್ ಕಾಯುವ ತನಕ ತಣ್ಣನೆ ಗಾಳಿಯೇ ಬರುತ್ತದೆ. ನೆಲದ ತಗಡು ತೂತಾಗಿದ್ದರೆ, ಬಾಗಿಲಿನ ರಬ್ಬರ್ ಹರಿದಿದ್ದರೆ ಬಿಸಿ ನಿಲ್ಲದು. ಮೊದಲು ಅವನ್ನು ಸರಿಮಾಡಬೇಕು. ಇದರ ಲಾಭ ಏನು ಗೊತ್ತೇ? ಗಾಜು ತಿಳಿಯಾಗಿರುತ್ತದೆ. ಉಸಿರಾಡಲು ಹೊಸ ಗಾಳಿ ಸಿಗುತ್ತದೆ.

ಹೊಸ ಗಾಳಿ ಯಾಕೆ ಬೇಕು? ಎಂಜಿನ್ ಹೊಗೆಯಲ್ಲಿ ಒಂದು ವಿಷಗಾಳಿ ಇದೆ. ಹೆಸರು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕೊಳವೆ ತೂತಾದರೆ ಅದು ಲಾರಿಯೊಳಗೆ ಬರಬಹುದು. ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯುತ್ತದೆ. ಅದಕ್ಕೇ ಹೀಟರ್ ಇದ್ದರೂ ಹೊಗೆ ಕೊಳವೆಯನ್ನು ಆಗಾಗ ನೋಡಿಸಬೇಕು.

ಅಕ್ಕಂದಿರೇ, ಕೆಂಡದಿಂದಲೂ ಇದೇ ವಿಷಗಾಳಿ ಬರುತ್ತದೆ. ಹೊಗೆ ಕಾಣದಿದ್ದರೂ ಬರುತ್ತದೆ. ಬಾಣಂತಿ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಒಳಗೆ ಕೆಂಡ ಇಡಬೇಡಿ. ಕೆಂಡ ಇಟ್ಟುಕೊಂಡು ಮಲಗಲೇಬೇಡಿ. ತಲೆನೋವು, ತಲೆಸುತ್ತು, ವಾಂತಿ ಬಂದರೆ ತಾಯಿ ಮಗುವನ್ನು ಕೂಡಲೇ ಹೊರಗೆ ಕರೆತನ್ನಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಾಣಂತಿಗೂ ಮಗುವಿಗೂ ಕಂಬಳಿ ಹೊದಿಸಿ, ಕುಲಾವಿ ಹಾಕಿ. ಮಗುವನ್ನು ತಾಯಿಯ ಎದೆಗೆ ಒರಗಿಸಿ. ಅದೇ ಒಳ್ಳೆಯ ಬಿಸಿ.

ಓದಿ, ಉತ್ತರ ಹೇಳಿ:
1. ಹೀಟರಿಗೆ ಬಿಸಿ ಎಲ್ಲಿಂದ ಬರುತ್ತದೆ?
2. ಲಾರಿಯ ಗಾಜು ಯಾಕೆ ಮಸುಕಾಗುತ್ತದೆ?
3. ಮುಚ್ಚಿದ ಕೋಣೆಯಲ್ಲಿ ಕೆಂಡ ಯಾಕೆ ಇಡಬಾರದು?