ಬಂಡವಾಳಕ್ಕೊಂದು ಸೇತುವೆ

ಯಾವುದೇ ಉದ್ಯಮ ತಲೆಯೆತ್ತಬೇಕಾದರೆ ಮೂರು ಸಾಧನಗಳು ಬೇಕು: ಹೊಸದನ್ನು ಕಾಣಬಲ್ಲ ಬುದ್ಧಿ, ಕಂಡದ್ದನ್ನು ಮಾಡಿ ತೋರಿಸಬಲ್ಲ ದುಡಿಮೆ, ಫಲ ಕೈಗೆ ಬರುವವರೆಗೆ ಆ ದುಡಿಮೆಯನ್ನು ಪೋಷಿಸಬಲ್ಲ ಬಂಡವಾಳ. ಮೊದಲಿನ ಎರಡು ಮನುಷ್ಯನಲ್ಲಿಯೇ ಇರಬಹುದು; ಮೂರನೆಯದು ಸಾಮಾನ್ಯವಾಗಿ ಇನ್ನೊಬ್ಬರ ಕೈಯಲ್ಲಿರುತ್ತದೆ. ಹಣವುಳ್ಳವನಿಗೆ ಬುದ್ಧಿವಂತನ ಪರಿಚಯವಿಲ್ಲ. ಬುದ್ಧಿವಂತನಿಗೆ ಹಣವುಳ್ಳವನ ಮನೆಯ ದಾರಿ ತಿಳಿಯದು. ಇವರಿಬ್ಬರ ನಡುವಣ ಅಂತರವನ್ನು ಕಳೆಯುವುದು ಹೇಗೆ? ಈ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಇದ್ದದ್ದೇ. ಆದರೆ ಇಂದಿನ ಆಫ್ರಿಕಾ ಖಂಡದಲ್ಲಿ ಅದು ಕೋಟ್ಯಂತರ ತರುಣರ ಭವಿಷ್ಯದ ಪ್ರಶ್ನೆಯಾಗಿದೆ.

ಆಫ್ರಿಕಾದ ಜನರು ಈ ಪ್ರಶ್ನೆಗೆ ಬಹು ಹಿಂದೆಯೇ ತಮ್ಮದೇ ಆದ ಒಂದು ಉತ್ತರವನ್ನು ಕಂಡುಕೊಂಡಿದ್ದರು. ನೈಜೀರಿಯದ ಯೊರುಬಾ ಜನರು ಅದನ್ನು ‘ಎಸುಸು’ ಎಂದು ಕರೆಯುತ್ತಾರೆ. ಕೀನ್ಯದಲ್ಲಿ ಅಂಥ ಕೂಟಕ್ಕೆ ‘ಚಾಮಾ’ ಎಂದೂ ದಕ್ಷಿಣ ಆಫ್ರಿಕಾದಲ್ಲಿ ‘ಸ್ಟಾಕ್‌ವೆಲ್’ ಎಂದೂ ಹೆಸರು. ನಮ್ಮ ಹಳ್ಳಿ ಪಟ್ಟಣಗಳ ಚೀಟಿ ವ್ಯವಹಾರವನ್ನು ಬಲ್ಲವರಿಗೆ ಇದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಹತ್ತಾರು ಮಂದಿ ಸೇರಿ ತಿಂಗಳಿಗಿಷ್ಟೆಂದು ಹಣ ಕೂಡಿಸುತ್ತಾರೆ. ಕೂಡಿದ ಮೊತ್ತ ಸರದಿಯಂತೆ ಒಬ್ಬೊಬ್ಬರಿಗೆ ಸಲ್ಲುತ್ತದೆ. ಇಲ್ಲಿ ಅಡಮಾನವಿಲ್ಲ, ಮುದ್ರೆಯೊತ್ತಿದ ಪತ್ರವಿಲ್ಲ. ಪರಸ್ಪರ ಪರಿಚಯವೇ ಪತ್ರ. ಆಡಿದ ಮಾತೇ ಅಡಮಾನ. ಈ ಕೂಟಗಳಿಂದ ಎಷ್ಟೋ ಮಂದಿ ಹೊಲಿಗೆಯ ಯಂತ್ರವನ್ನು ಕೊಂಡಿದ್ದಾರೆ, ಸಣ್ಣ ಅಂಗಡಿಯನ್ನು ತೆರೆದಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಆದರೆ ಸಾವಿರಾರು ಮಂದಿಗೆ ಸೇವೆ ಸಲ್ಲಿಸುವ ಉದ್ಯಮವೊಂದನ್ನು ಕಟ್ಟಲು ಬೇಕಾದ ಬಂಡವಾಳ ಇಂಥ ಸಣ್ಣ ಕೂಟಗಳಲ್ಲಿ ಹುಟ್ಟುವುದು ಕಷ್ಟ. ಪರಿಚಯದ ವಲಯ ಎಷ್ಟು ಕಿರಿದೋ ಹಣದ ವಲಯವೂ ಅಷ್ಟೇ ಕಿರಿದು.

ಈಚಿನ ಎರಡು ದಶಕಗಳಲ್ಲಿ ಈ ಖಂಡದ ಬಾಳು ಬಹುವಾಗಿ ಬದಲಾಗಿದೆ. ಅಲ್ಲಿರುವ ದೇಶಗಳು 54. ಜನಸಂಖ್ಯೆ 140 ಕೋಟಿಗೂ ಹೆಚ್ಚು. ಆ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಇಪ್ಪತ್ತು ವರ್ಷ ತುಂಬದವರು. 2007ರಲ್ಲಿ ಕೀನ್ಯದ ಸಫಾರಿಕಾಮ್ ಕಂಪನಿ ‘ಎಂ-ಪೆಸಾ’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಬ್ಯಾಂಕಿನ ಬಾಗಿಲನ್ನೇ ಕಾಣದವರು ಸಹ ಸಾಮಾನ್ಯ ಮೊಬೈಲ್ ದೂರವಾಣಿಯ ಮೂಲಕ ಊರಿಂದೂರಿಗೆ ಹಣ ಕಳುಹಿಸುವುದು ಇದರಿಂದ ಸಾಧ್ಯವಾಯಿತು. 2010ರಲ್ಲಿ ನೈರೋಬಿಯಲ್ಲಿ ‘ಐಹಬ್’ ಎಂಬ ಕೇಂದ್ರ ಸ್ಥಾಪಿತವಾಯಿತು. ನೈಜೀರಿಯದ ಲಾಗೋಸ್ ನಗರದಲ್ಲಿಯೂ ಅಂಥ ಕೇಂದ್ರ ಬೆಳೆಯಿತು. ಕಂಪ್ಯೂಟರ್ ವಿದ್ಯೆಯನ್ನು ಕಲಿತ ತರುಣರು ಅಲ್ಲಿ ಕಲೆತು ತಮ್ಮ ಸುತ್ತಣ ಕೊರತೆಗಳಿಗೆ ಪರಿಹಾರ ಹುಡುಕತೊಡಗಿದರು. ಬುದ್ಧಿಗೂ ದುಡಿಮೆಗೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ಮೂರನೆಯದಕ್ಕೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಿಕ್ಟೋರಿಯಾ ಸರೋವರದ ದಡದಲ್ಲಿರುವ ಕಿಸುಮು ಪಟ್ಟಣದ ತರುಣಿಯೊಬ್ಬಳು ಸೂರ್ಯನ ಶಾಖದಿಂದ ನಡೆಯುವ ಶೀತಲ ಪೆಟ್ಟಿಗೆಯೊಂದನ್ನು ತಯಾರಿಸಿದ್ದಾಳೆ. ಬೆಳಗ್ಗೆ ಹಿಡಿದ ಮೀನು ಸಂಜೆಯವರೆಗೂ ಕೆಡದಂತೆ ಅದು ಕಾಪಾಡುತ್ತದೆ. ಹತ್ತು ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಟ್ಟಿದ್ದಾಳೆ. ಇನ್ನೂರು ಪೆಟ್ಟಿಗೆಗಳಿಗೆ ಬೇಡಿಕೆಯಿದೆ. ಅವಳು ಬ್ಯಾಂಕಿಗೆ ಹೋದರೆ ಅಲ್ಲಿಯ ಅಧಿಕಾರಿ ಭೂಮಿಯ ಪತ್ರವನ್ನು, ಹಲವು ವರ್ಷಗಳ ಲೆಕ್ಕವನ್ನು ಕೇಳುತ್ತಾನೆ. ಅವಳಲ್ಲಿ ಇವೆರಡೂ ಇಲ್ಲ. ಸಾಲ ದೊರೆತರೂ ಮುಂದಿನ ತಿಂಗಳಿಂದಲೇ ಕಂತು ಕಟ್ಟಬೇಕು. ಅಧಿಕಾರಿಯನ್ನು ಇದಕ್ಕಾಗಿ ದೂರುವಂತಿಲ್ಲ. ಠೇವಣಿದಾರರ ಹಣವನ್ನು ಅನಿಶ್ಚಿತ ಪ್ರಯೋಗಕ್ಕೆ ಒಡ್ಡುವುದು ಬ್ಯಾಂಕಿನ ಧರ್ಮವಲ್ಲ.

ಇಂಥ ಪ್ರಯೋಗಗಳಿಗಾಗಿಯೇ ‘ಸಾಹಸ ಬಂಡವಾಳ’ ಎಂಬ ಬೇರೊಂದು ಬಗೆಯ ಹಣವಿದೆ. ಅದನ್ನು ಕೊಡುವವನು ಬಡ್ಡಿಯನ್ನು ಕೇಳುವುದಿಲ್ಲ. ಉದ್ಯಮದಲ್ಲಿ ಪಾಲನ್ನು ಕೇಳುತ್ತಾನೆ. ಉದ್ಯಮ ಮುಳುಗಿದರೆ ಅವನ ಹಣವೂ ಮುಳುಗುತ್ತದೆ. ಬೆಳೆದರೆ ಅವನ ಪಾಲೂ ಬೆಳೆಯುತ್ತದೆ. ಹತ್ತರಲ್ಲಿ ಹಲವು ಸೋತರೂ ಒಂದೆರಡು ಗೆದ್ದು ಎಲ್ಲವನ್ನೂ ತುಂಬಿಕೊಡುತ್ತವೆ ಎಂಬುದು ಅವನ ಲೆಕ್ಕ. ಆದರೆ ಈ ಬಗೆಯ ಹಣ ಬಹುಮಟ್ಟಿಗೆ ಅಮೆರಿಕ, ಯೂರೋಪುಗಳಲ್ಲಿದೆ. ಅದು ಹರಿಯುವುದು ಪರಿಚಯದ ಕಾಲುವೆಯಲ್ಲಿ. ಒಂದೇ ವಿಶ್ವವಿದ್ಯಾನಿಲಯದಲ್ಲಿ ಓದಿದವರು, ಒಂದೇ ನಗರದಲ್ಲಿ ದುಡಿದವರು ಒಬ್ಬರನ್ನೊಬ್ಬರು ಪರಿಚಯಿಸುತ್ತಾರೆ. ಇದರ ಪರಿಣಾಮವನ್ನು ‘ವಿಲೇಜ್ ಕ್ಯಾಪಿಟಲ್’ ಎಂಬ ಸಂಸ್ಥೆ 2017ರ ತನ್ನ ವರದಿಯೊಂದರಲ್ಲಿ ಎತ್ತಿ ತೋರಿಸಿತು. ಪೂರ್ವ ಆಫ್ರಿಕಾದಲ್ಲಿ ಹಣಕಾಸಿನ ಸೇವೆ ನೀಡುವ ನವೋದ್ಯಮಗಳಿಗೆ ಆ ಹಿಂದಿನ ಎರಡು ವರ್ಷಗಳಲ್ಲಿ ಹರಿದು ಬಂದ ಬಂಡವಾಳದ ಬಹುಪಾಲು ಹೊರದೇಶದಿಂದ ಬಂದ ಸ್ಥಾಪಕರಿಗೆ ಸಂದಿತ್ತು. ಸ್ಥಳೀಯರಲ್ಲಿ ಯೋಗ್ಯತೆಯಿರಲಿಲ್ಲವೆಂದಲ್ಲ; ಅವರು ಹಣವುಳ್ಳವರ ಕಣ್ಣಿಗೆ ಬಿದ್ದಿರಲಿಲ್ಲ.

ಕಣ್ಣಿಗೆ ಬೀಳದವರನ್ನು ಕಣ್ಣಿಗೆ ಬೀಳುವಂತೆ ಮಾಡುವುದೇ ಬಂಡವಾಳದ ವೇದಿಕೆಗಳ ಉದ್ದೇಶ. ಇವುಗಳಲ್ಲಿ ಹಳೆಯದೊಂದು ‘ವೆಂಚರ್ ಕ್ಯಾಪಿಟಲ್ ಫಾರ್ ಆಫ್ರಿಕಾ’. 2007ರಲ್ಲಿ ಬೆನ್ ವೈಟ್ ಎಂಬುವರು ಆಸಕ್ತರ ಒಂದು ಸಣ್ಣ ಬಳಗವಾಗಿ ಇದನ್ನು ಅಂತರಜಾಲದಲ್ಲಿ ಆರಂಭಿಸಿದರು. ಮುಂದೆ ಅದು ಸ್ವತಂತ್ರ ವೇದಿಕೆಯಾಗಿ ಬೆಳೆಯಿತು. ಇಂಥ ವೇದಿಕೆಯ ಕ್ರಮ ಸರಳವಾದುದು. ಕಿಸುಮುವಿನ ತರುಣಿ ಅಲ್ಲಿ ತನ್ನ ಉದ್ಯಮದ ವಿವರಗಳನ್ನು ನಮೂದಿಸುತ್ತಾಳೆ: ತಾನು ನೀಗಿಸಹೊರಟ ಕೊರತೆ ಯಾವುದು, ಗಿರಾಕಿಗಳು ಯಾರು, ಈವರೆಗಿನ ಆದಾಯವೆಷ್ಟು, ಜೊತೆಗಾರರು ಯಾರು, ಬೇಕಾದ ಹಣವೆಷ್ಟು, ಅದನ್ನು ಯಾವುದಕ್ಕೆ ವೆಚ್ಚ ಮಾಡುವುದು. ಬಂಡವಾಳ ಹೂಡುವವರು ದೇಶ, ಕಸುಬು, ಮೊತ್ತ ಮೊದಲಾದವುಗಳಿಗೆ ಅನುಸಾರವಾಗಿ ಹುಡುಕಿ ತಮಗೊಪ್ಪುವ ಉದ್ಯಮಗಳನ್ನು ಆರಿಸಿಕೊಳ್ಳುತ್ತಾರೆ. ಅನುಭವಿಗಳಾದ ಮಾರ್ಗದರ್ಶಕರು ಲೆಕ್ಕವನ್ನು ತಿದ್ದಿಕೊಡುತ್ತಾರೆ. ವೇದಿಕೆ ತಾನಾಗಿ ಹಣ ಕೊಡಬೇಕೆಂದಿಲ್ಲ. ಪರಿಚಯ ಮಾಡಿಕೊಡುವುದೇ ಅದರ ಮುಖ್ಯ ಕೆಲಸ.

ಹೇಳಲು ಸುಲಭವಾದ ಈ ಕಾರ್ಯ ಮಾಡಲು ಸುಲಭವಲ್ಲ. ಉದ್ಯಮಿಗಳಿಲ್ಲದ ವೇದಿಕೆಗೆ ಹಣವುಳ್ಳವರು ಬರುವುದಿಲ್ಲ. ಹಣವುಳ್ಳವರಿಲ್ಲದೆಡೆಗೆ ಉದ್ಯಮಿಗಳು ಬರುವುದಿಲ್ಲ. ಬೀಜ ಮೊದಲೋ ವೃಕ್ಷ ಮೊದಲೋ ಎಂಬಂತಹ ಈ ತೊಡಕನ್ನು ಬಿಡಿಸಲು ವೇದಿಕೆಯನ್ನು ಕಟ್ಟುವವರು ಮೊದಮೊದಲು ಒಬ್ಬೊಬ್ಬರನ್ನೂ ತಾವೇ ಹುಡುಕಿ ಕರೆತರಬೇಕಾಗುತ್ತದೆ. ಬರೆದುಕೊಂಡ ವಿವರಗಳು ನಿಜವೇ ಎಂದು ಪರಿಶೀಲಿಸಬೇಕು. ಒಂದು ವಂಚನೆ ಬಯಲಾದರೆ ನೂರು ಪ್ರಾಮಾಣಿಕರ ಮೇಲಿನ ನಂಬಿಕೆ ಕುಸಿಯುತ್ತದೆ. ಇಂಗ್ಲಿಷ್, ಫ್ರೆಂಚ್, ಪೋರ್ಚುಗೀಸ್, ಅರಬ್ಬಿ ಭಾಷೆಗಳಲ್ಲಿ ವ್ಯವಹರಿಸುವ ದೇಶಗಳನ್ನು ಒಂದೆಡೆಗೆ ತರಬೇಕು. ನಾಣ್ಯಗಳ ತೊಡಕು ಬೇರೆ. 2023ರಲ್ಲಿ ನೈಜೀರಿಯದ ನೈರಾದ ಬೆಲೆ ಡಾಲರಿನೆದುರು ತೀವ್ರವಾಗಿ ಕುಸಿಯಿತು. ಗಳಿಕೆಯನ್ನು ನೈರಾದಲ್ಲಿ ಎಣಿಸುವ ಉದ್ಯಮ ನಷ್ಟವನ್ನೇ ಮಾಡದಿದ್ದರೂ ಡಾಲರಿನಲ್ಲಿ ಎಣಿಸುವ ಹೂಡಿಕೆದಾರನಿಗೆ ಅದು ಕುಗ್ಗಿದಂತೆ ಕಾಣಿಸಿತು.

ಕಾನೂನಿನ ಅಡಚಣೆಯೂ ಇದೆ. ಹೊರದೇಶದ ಹೂಡಿಕೆದಾರರು ತಮಗೆ ಪರಿಚಿತವಾದ ಕಾನೂನನ್ನೇ ಬಯಸುವುದರಿಂದ ಆಫ್ರಿಕಾದ ಅನೇಕ ನವೋದ್ಯಮಗಳು ಅಮೆರಿಕದ ಡೆಲಾವೇರ್ ರಾಜ್ಯದಲ್ಲಿ ನೋಂದಾಯಿಸಿಕೊಂಡಿವೆ. ದುಡಿಮೆ ಲಾಗೋಸಿನಲ್ಲಿ, ದಾಖಲೆ ಡೆಲಾವೇರಿನಲ್ಲಿ! ಇದನ್ನು ಮನಗಂಡು ಕೆಲವು ಸರ್ಕಾರಗಳು ನವೋದ್ಯಮಗಳಿಗಾಗಿಯೇ ಕಾಯಿದೆಗಳನ್ನು ರಚಿಸಿದವು. 2018ರಲ್ಲಿ ಟ್ಯುನೀಸಿಯ, 2019ರಲ್ಲಿ ಸೆನೆಗಲ್, 2022ರಲ್ಲಿ ನೈಜೀರಿಯ ಈ ಮಾರ್ಗದಲ್ಲಿ ನಡೆದವು.

ಹಣ ಹೊರಗಿನಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲ. ನೈಜೀರಿಯದ ಬ್ಯಾಂಕ್ ಉದ್ಯಮಿ ಟೋನಿ ಎಲುಮೆಲು 2010ರಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. 2015ರಲ್ಲಿ ಅದು ಹತ್ತು ವರ್ಷಗಳ ಯೋಜನೆಯೊಂದನ್ನು ಕೈಗೊಂಡಿತು. 10 ಕೋಟಿ ಡಾಲರುಗಳ ವೆಚ್ಚದಲ್ಲಿ 54 ದೇಶಗಳ 10,000 ಉದ್ಯಮಿಗಳಿಗೆ ನೆರವಾಗುವುದು ಅದರ ಸಂಕಲ್ಪ. ಆಯ್ಕೆಯಾದವರಿಗೆ ಮೊದಲು ತರಬೇತಿ, ಮಾರ್ಗದರ್ಶನ. ಆಮೇಲೆ 5,000 ಡಾಲರುಗಳ ಬೀಜಧನ. ಅವರೆಲ್ಲರೂ ಪರಸ್ಪರ ಸಂಪರ್ಕವಿರಿಸಿಕೊಳ್ಳುವಂತೆ 2018ರಲ್ಲಿ ಪ್ರತಿಷ್ಠಾನವು ಅಂತರಜಾಲದ ವೇದಿಕೆಯನ್ನೂ ಏರ್ಪಡಿಸಿತು. ಲಾಗೋಸಿನಲ್ಲಿ ಅನುಕೂಲಸ್ಥರು ಕೆಲವರು ಸೇರಿ ಹೊಸ ಉದ್ಯಮಗಳಲ್ಲಿ ಸ್ವಂತ ಹಣ ಹೂಡುವ ಸಂಘವೊಂದನ್ನು ಕಟ್ಟಿಕೊಂಡರು. ತಮ್ಮ ನೆಲದ ಉದ್ಯಮವನ್ನು ತಮ್ಮ ಹಣದಿಂದಲೇ ಬೆಳೆಸಬೇಕೆಂಬ ಹಂಬಲ ಇವುಗಳ ಹಿಂದಿದೆ.

ಪರಿಚಯವೊಂದು ದೊರೆತರೆ ಏನಾಗಬಹುದು ಎಂಬುದಕ್ಕೆ ‘ಪೇಸ್ಟ್ಯಾಕ್’ ನಿದರ್ಶನ. ವರ್ತಕರು ಅಂತರಜಾಲದ ಮೂಲಕ ಹಣ ಪಡೆಯಲು ನೆರವಾಗುವ ಈ ಸಂಸ್ಥೆಯನ್ನು ನೈಜೀರಿಯದ ಇಬ್ಬರು ಸಹಪಾಠಿಗಳು 2015ರಲ್ಲಿ ಆರಂಭಿಸಿದರು. ನವೋದ್ಯಮಗಳಿಗೆ ತರಬೇತಿಯನ್ನೂ ಆರಂಭದ ಹಣವನ್ನೂ ನೀಡುವ ಅಮೆರಿಕದ ‘ವೈ ಕಾಂಬಿನೇಟರ್’ ಸಂಸ್ಥೆ ಮರುವರ್ಷ ಅವರನ್ನು ಆರಿಸಿಕೊಂಡಿತು. ಅಲ್ಲಿಂದ ಹೂಡಿಕೆದಾರರ ಬಾಗಿಲುಗಳು ತೆರೆದುಕೊಂಡವು. 2020ರಲ್ಲಿ ‘ಸ್ಟ್ರೈಪ್’ ಕಂಪನಿ ಪೇಸ್ಟ್ಯಾಕನ್ನು 20 ಕೋಟಿ ಡಾಲರುಗಳಿಗೂ ಮಿಗಿಲಾದ ಬೆಲೆಗೆ ಕೊಂಡಿತು. ಐದು ವರ್ಷಗಳ ಹಿಂದೆ ಅವರ ಬಳಿಯಿದ್ದುದು ಒಂದು ಯೋಚನೆ ಮಾತ್ರ.

ಆದರೆ ಒಂದು ಗೆಲುವನ್ನು ಕಂಡು ಎಲ್ಲವೂ ಸುಲಭವೆಂದು ಭಾವಿಸಬಾರದು. ಜನರ ವಂಶವಾಹಿಗಳ ಸಂಶೋಧನೆಗಾಗಿ 2019ರಲ್ಲಿ ನೈಜೀರಿಯದಲ್ಲಿ ಸ್ಥಾಪಿತವಾದ ‘54ಜೀನ್’ ಸಂಸ್ಥೆ ಸುಮಾರು 4.5 ಕೋಟಿ ಡಾಲರುಗಳ ಬಂಡವಾಳವನ್ನು ಸಂಗ್ರಹಿಸಿಯೂ 2023ರಲ್ಲಿ ಮುಚ್ಚಿಹೋಯಿತು. ಹಣ ದೊರೆತ ಮಾತ್ರಕ್ಕೆ ಉದ್ಯಮ ನಿಲ್ಲುವುದಿಲ್ಲ. ಹೊರಗಿನ ಹಣವನ್ನೇ ನೆಚ್ಚುವುದರಲ್ಲಿಯೂ ಅಪಾಯವಿದೆ. ‘ಪಾರ್ಟೆಕ್’ ಸಂಸ್ಥೆಯ ಲೆಕ್ಕದಂತೆ ಆಫ್ರಿಕಾದ ತಂತ್ರಜ್ಞಾನ ನವೋದ್ಯಮಗಳಿಗೆ 2022ರಲ್ಲಿ ದೊರೆತ ಬಂಡವಾಳ ಸುಮಾರು 650 ಕೋಟಿ ಡಾಲರು. 2023ರಲ್ಲಿ ಅದು 350 ಕೋಟಿಗೆ ಇಳಿಯಿತು. ಅಮೆರಿಕದಲ್ಲಿ ಬಡ್ಡಿಯ ದರ ಏರಿದಾಗ ಅಲ್ಲಿಯ ಹಣ ಮನೆಯಲ್ಲಿಯೇ ಉಳಿಯಲು ಬಯಸಿತು. ಬೇರೆಯವರ ಮಳೆಯನ್ನು ನೆಚ್ಚಿ ಬಿತ್ತಿದವನ ಪಾಡು ಇದು. ಬಂದ ಹಣದ ಹೆಚ್ಚಿನ ಭಾಗವೂ ನೈಜೀರಿಯ, ಕೀನ್ಯ, ಈಜಿಪ್ಟ್, ದಕ್ಷಿಣ ಆಫ್ರಿಕಾ ಎಂಬ ನಾಲ್ಕು ದೇಶಗಳಲ್ಲಿಯೇ ನಿಲ್ಲುತ್ತದೆ. ಉಳಿದ ಐವತ್ತು ದೇಶಗಳ ಪಾಲು ಅಲ್ಪ. ಮಹಿಳೆಯರು ಸ್ಥಾಪಿಸಿದ ಉದ್ಯಮಗಳ ಪಾಲು ಇನ್ನೂ ಅಲ್ಪ. ಹುಡುಕುವವನು ತನಗೆ ಪರಿಚಿತವಾದುದನ್ನೇ ಹುಡುಕಿದರೆ ಎಷ್ಟು ವಿಶಾಲವಾದ ವೇದಿಕೆಯೂ ಹಳೆಯ ಕಾಲುವೆಯೇ ಆಗುತ್ತದೆ. ಕಿಸುಮುವಿನ ತರುಣಿಯ ಹೆಸರು ಪಟ್ಟಿಯಲ್ಲಿದ್ದರೆ ಸಾಲದು. ಪಟ್ಟಿಯನ್ನು ನೋಡುವವನು ಆ ಹೆಸರಿನ ಬಳಿ ಒಂದು ಗಳಿಗೆ ನಿಲ್ಲಬೇಕು.

ಆದುದರಿಂದ ವೇದಿಕೆಯೆಂಬುದು ಸೇತುವೆಯೇ ಹೊರತು ಊರಲ್ಲ. ಅದರ ಮೇಲೆ ನಡೆಯಬೇಕಾದವರು ಎರಡು ದಡಗಳ ಮನುಷ್ಯರು. ಒಂದು ದಡದವರಿಗೆ ಲೆಕ್ಕವನ್ನು ಮುಚ್ಚಿಡದ ಪ್ರಾಮಾಣಿಕತೆ ಬೇಕು; ಇನ್ನೊಂದು ದಡದವರಿಗೆ ಅಪರಿಚಿತರಲ್ಲಿ ಯೋಗ್ಯತೆಯನ್ನು ಕಾಣುವ ಔದಾರ್ಯ ಬೇಕು. ಎಸುಸು ಕೂಟದಲ್ಲಿ ಹತ್ತು ಮಂದಿಯ ನಡುವೆ ಇದ್ದ ನಂಬಿಕೆಯನ್ನು, ಒಬ್ಬರನ್ನೊಬ್ಬರು ಎಂದೂ ಕಾಣದ ಸಾವಿರಾರು ಮಂದಿಯ ನಡುವೆ ಬೆಳೆಸುವುದೇ ಇಂದಿನ ಸವಾಲು. ಕೀನ್ಯ ದೇಶದ ರಾಷ್ಟ್ರಲಾಂಛನದಲ್ಲಿ ‘ಹರಂಬೆ’ ಎಂಬ ಮಾತಿದೆ. ಎಲ್ಲರೂ ಕೂಡಿ ಎಳೆಯೋಣ ಎಂಬುದು ಅದರ ಭಾವ. ಕೂಡಿ ಎಳೆಯಬೇಕಾದರೆ ಹಗ್ಗದ ತುದಿ ಎಲ್ಲರ ಕೈಗೂ ಎಟುಕಬೇಕು. ಅದನ್ನು ಇನ್ನಷ್ಟು ಕೈಗಳಿಗೆ ಎಟುಕಿಸುವ ಕಾರ್ಯದಲ್ಲಿ ಆಫ್ರಿಕಾದ ತರುಣ ಜನಾಂಗ ಇಂದು ತೊಡಗಿದೆ.

ಅಭ್ಯಾಸ

1. ಎಸುಸು, ಚಾಮಾ ಮೊದಲಾದ ಕೂಟಗಳ ಆಧಾರವೇನು? ಅವುಗಳ ಮಿತಿ ಯಾವುದು?
2. ಬ್ಯಾಂಕಿನ ಸಾಲಕ್ಕೂ ಸಾಹಸ ಬಂಡವಾಳಕ್ಕೂ ಇರುವ ವ್ಯತ್ಯಾಸವನ್ನು ತಿಳಿಸಿರಿ.
3. ಬಂಡವಾಳದ ವೇದಿಕೆಯನ್ನು ಕಟ್ಟುವವರು ಎದುರಿಸಬೇಕಾದ ತೊಡಕುಗಳಾವುವು?
4. ‘ದುಡಿಮೆ ಲಾಗೋಸಿನಲ್ಲಿ, ದಾಖಲೆ ಡೆಲಾವೇರಿನಲ್ಲಿ’ – ಈ ಮಾತನ್ನು ಸಂದರ್ಭ ಸಹಿತ ವಿವರಿಸಿರಿ.
5. ‘ವೇದಿಕೆಯೆಂಬುದು ಸೇತುವೆಯೇ ಹೊರತು ಊರಲ್ಲ’ ಎಂಬ ಮಾತನ್ನು ನೀವು ಒಪ್ಪುವಿರಾ? ಕಾರಣಗಳನ್ನು ಕೊಡಿರಿ.