ಲ್ಯಾಬ್ ರಿಪೋರ್ಟಿನ ಅಂಕಿಯ ಹಿಂದೆ ಒಂದು ಬಣ್ಣವಿದೆ

ಮನೆಯಲ್ಲಿ ಕಾಫಿ ಡಿಕಾಕ್ಷನ್ ಇಳಿಸುವವರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಾಜಿನ ಲೋಟಕ್ಕೆ ಸ್ವಲ್ಪ ಬಗ್ಗಿಸಿ ಕಿಟಕಿಯ ಕಡೆ ಹಿಡಿದರೆ ಸಾಕು, ಗಟ್ಟಿಯೋ ತೆಳುವೋ ತಿಳಿಯುತ್ತದೆ. ಬೆಳಕು ಹಾದುಬಂದರೆ ತೆಳು, ಬಾರದಿದ್ದರೆ ಗಟ್ಟಿ. ನೀವು ತೋಳು ಚಾಚಿ ಕೊಟ್ಟುಬಂದ ರಕ್ತಕ್ಕೂ ಪ್ರಯೋಗಾಲಯದಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ ಪರೀಕ್ಷೆ. ಸಂಜೆ ಕೈಗೆ ಬರುವ ರಿಪೋರ್ಟಿನಲ್ಲಿ ಸಕ್ಕರೆ, ಯೂರಿಯಾ, ಕೊಲೆಸ್ಟ್ರಾಲ್, ಬಿಲಿರುಬಿನ್ ಎಂದು ಸಾಲಾಗಿರುವ ಅಂಕಿಗಳಲ್ಲಿ ಹೆಚ್ಚಿನವು, ಒಂದು ಬಣ್ಣದ ದ್ರವ ಎಷ್ಟು ಬೆಳಕನ್ನು ನುಂಗಿತು ಎಂಬುದರ ಲೆಕ್ಕ.

ಈ ಲೆಕ್ಕ ಮಾಡುವ ಯಂತ್ರದ ಹೆಸರು ಉದ್ದವಾದದ್ದು: ಸ್ಪೆಕ್ಟ್ರೋಫೋಟೋಮೀಟರ್. ಒಂದು ದೀಪ, ಅದರ ಬೆಳಕಿನಿಂದ ಬೇಕಾದ ಬಣ್ಣವನ್ನಷ್ಟೇ ಆರಿಸಿ ಕೊಡುವ ಒಂದು ಏರ್ಪಾಡು, ಒಂದು ಸೆಂಟಿಮೀಟರ್ ಅಗಲದ ಪುಟ್ಟ ಪಾರದರ್ಶಕ ಪಾತ್ರೆ, ಅದರ ಆಚೆ ಬಂದ ಬೆಳಕನ್ನು ಅಳೆಯುವ ಒಂದು ಕಣ್ಣು. ಇದರ ಬಡ ತಮ್ಮ ಕಲರಿಮೀಟರ್. ಅದರಲ್ಲಿ ಬಣ್ಣ ಆರಿಸಲು ಬಣ್ಣದ ಗಾಜಿನ ತುಂಡುಗಳಿರುತ್ತವೆ, ಅಷ್ಟೇ ವ್ಯತ್ಯಾಸ. ದ್ರವದಲ್ಲಿ ವಸ್ತು ಎಷ್ಟು ಹೆಚ್ಚಿದೆಯೋ ಬೆಳಕಿನ ಹೀರಿಕೆಯೂ ಅಷ್ಟೇ ಹೆಚ್ಚು ಎಂಬ ನಿಯಮವನ್ನು ಜರ್ಮನಿಯ ಬೀರ್ 1852ರಲ್ಲಿ ಹೇಳಿದರು. ಇಂದಿಗೂ ಪ್ರಯೋಗಾಲಯಗಳು ನಡೆಯುತ್ತಿರುವುದು ಆ ನಿಯಮದ ಮೇಲೆಯೇ.

ಆದರೆ ಸಕ್ಕರೆಗೆ ಬಣ್ಣವಿಲ್ಲವಲ್ಲ? ಹೌದು, ಅದಕ್ಕೆ ಬಣ್ಣ ಬರಿಸಬೇಕು. ರಕ್ತದ ತಿಳಿಯಾದ ದ್ರವಕ್ಕೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಸೇರಿಸುತ್ತಾರೆ. ಅದು ಸಕ್ಕರೆಯ ಮೇಲೆ ಕೆಲಸ ಮಾಡಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಇನ್ನೊಂದು ಕಿಣ್ವ ಆ ಪೆರಾಕ್ಸೈಡನ್ನು ಬಳಸಿಕೊಂಡು ನಸುಗೆಂಪು ಬಣ್ಣ ತರುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಕೆಂಪು ದ್ರವ ಕೆಂಪಾಗಿ ಕಾಣುವುದು ಅದು ಹಸಿರು ಬೆಳಕನ್ನು ನುಂಗುವುದರಿಂದ. ಆದ್ದರಿಂದ ಸುಮಾರು 505 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕನ್ನೇ ಅದರ ಮೂಲಕ ಹಾಯಿಸುತ್ತಾರೆ. ಜೊತೆಗೆ 100 ಮಿಲಿಗ್ರಾಂ ಸಕ್ಕರೆ ಇರುವ ಗೊತ್ತಿನ ದ್ರಾವಣವೊಂದನ್ನೂ ಪರೀಕ್ಷಿಸುತ್ತಾರೆ. ಅದರ ಹೀರಿಕೆ 0.30, ನಿಮ್ಮದು 0.45 ಬಂದರೆ ನಿಮ್ಮ ಸಕ್ಕರೆ 150. ತ್ರೈರಾಶಿ ಗೊತ್ತಿರುವ ಯಾವ ಮಗುವಾದರೂ ಮಾಡಬಹುದಾದ ಲೆಕ್ಕ.

ಇಷ್ಟು ಸರಳವಾದ ಲೆಕ್ಕದಲ್ಲಿ ನಾನು ಒಮ್ಮೆ ಎಡವಿದ್ದೇನೆ. ಐವತ್ತು ದಾಟಿದ ಒಬ್ಬ ಹೆಂಗಸು, ಹಳ್ಳಿಯವರು, ಸಕ್ಕರೆ ಕಾಯಿಲೆಗೆ ನನ್ನಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಒಂದು ಸಲ ಬರಿಹೊಟ್ಟೆಯ ಸಕ್ಕರೆ 104 ಎಂಬ ರಿಪೋರ್ಟ್ ತಂದರು. ನನಗೂ ಸಂತೋಷ, ಅವರಿಗೂ ಸಂತೋಷ. ಮಾತ್ರೆಯನ್ನು ಅರ್ಧಕ್ಕೆ ಇಳಿಸಿದೆ. ಮೂರು ತಿಂಗಳ ನಂತರ ಅವರು ಬಂದಾಗ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರು, ಕಾಲಿನ ಹೆಬ್ಬೆರಳ ಗಾಯ ಮಾಯುತ್ತಿರಲಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಂಬತ್ತು ದಾಟಿತ್ತು. ಆಗ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ: ‘ಅವತ್ತು ರಕ್ತ ತೆಗೆದದ್ದು ಎಷ್ಟು ಹೊತ್ತಿಗೆ?’ ಬೆಳಿಗ್ಗೆ ಏಳಕ್ಕೆ ಮನೆಗೇ ಬಂದು ತೆಗೆದುಕೊಂಡು ಹೋಗಿದ್ದರಂತೆ. ರಿಪೋರ್ಟಿನಲ್ಲಿ ಮಾದರಿ ಲ್ಯಾಬಿಗೆ ತಲುಪಿದ ಸಮಯ ಮಧ್ಯಾಹ್ನ ಹನ್ನೆರಡೂವರೆ. ಬಸ್ಸಿನಲ್ಲಿ, ಬಿಸಿಲಿನಲ್ಲಿ, ಸಾದಾ ಕೊಳವೆಯಲ್ಲಿ ಐದೂವರೆ ಗಂಟೆ.

ಕಾರಣ ಇಷ್ಟೇ. ದೇಹದಿಂದ ಹೊರಗೆ ಬಂದ ಮೇಲೂ ರಕ್ತದ ಕಣಗಳು ಜೀವಂತವಾಗಿರುತ್ತವೆ, ಅವಕ್ಕೆ ಹಸಿವೂ ಇರುತ್ತದೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡದಷ್ಟು ಸಕ್ಕರೆಯನ್ನು ಅವು ತಿಂದುಹಾಕುತ್ತವೆ, ಸೆಕೆ ಹೆಚ್ಚಿದ್ದರೆ ಇನ್ನೂ ಬೇಗ. ಯಂತ್ರ ಸುಳ್ಳು ಹೇಳಿರಲಿಲ್ಲ. ಕೊಳವೆಯಲ್ಲಿ ಉಳಿದಿದ್ದ ಸಕ್ಕರೆಯನ್ನು ಅದು ಸರಿಯಾಗಿಯೇ ಅಳೆದಿತ್ತು. ಅದು ಆ ತಾಯಿಯ ಮೈಯಲ್ಲಿದ್ದ ಸಕ್ಕರೆಯಾಗಿರಲಿಲ್ಲ, ಅಷ್ಟೇ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಬೆರಳು ಉಳಿಯಿತು.

ಆದ್ದರಿಂದ ಸಕ್ಕರೆ ಪರೀಕ್ಷೆಗೆ ರಕ್ತ ಕೊಡುವಾಗ ಬೂದು ಬಣ್ಣದ ಮುಚ್ಚಳದ ಕೊಳವೆಯನ್ನು ಕೇಳಿ. ಅದರಲ್ಲಿರುವ ಫ್ಲೋರೈಡ್ ಕಣಗಳ ಬಾಯಿ ಕಟ್ಟುತ್ತದೆ. ಅದೂ ಪೂರ್ತಿ ಕಟ್ಟಲು ಗಂಟೆಗಟ್ಟಲೆ ಹಿಡಿಯುವುದರಿಂದ, ಬೇಗ ಲ್ಯಾಬು ತಲುಪುವುದೇ ಲೇಸು. ರಕ್ತ ತೆಗೆದ ಸಮಯವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರಿಗೆ ಈ ತೊಂದರೆಯಿಲ್ಲ. (ಹಿಂದಿನ ಪಟ್ಟಿಗಳು ಬಣ್ಣ ಬದಲಿಸುತ್ತಿದ್ದವು, ಈಗಿನವು ಹೆಚ್ಚಾಗಿ ಬೆಳಕನ್ನಲ್ಲ, ವಿದ್ಯುತ್ತನ್ನು ಅಳೆಯುತ್ತವೆ.)

ಬಣ್ಣವನ್ನು ಕೆಡಿಸುವ ಸಂಗತಿಗಳು ಇನ್ನೂ ಇವೆ. ಸೂಜಿ ಸರಿಯಾಗಿ ಸಿಗದೆ ರಕ್ತವನ್ನು ಜೋರಾಗಿ ಎಳೆದರೆ, ಕೊಳವೆಯನ್ನು ಗಡಗಡನೆ ಅಲುಗಿಸಿದರೆ ಕೆಂಪು ಕಣಗಳು ಒಡೆಯುತ್ತವೆ. ತಿಳಿಹಳದಿಯಾಗಿರಬೇಕಾದ ದ್ರವ ಕೆಂಪಾಗುತ್ತದೆ. ಹೊರಗೆ ಬಂದ ಹಿಮೋಗ್ಲೋಬಿನ್ ತಾನೂ ಬೆಳಕು ನುಂಗುವುದರಿಂದ ಕಾಮಾಲೆಯ ಬಿಲಿರುಬಿನ್ ಅಂಕಿ ಹೆಚ್ಚುಕಡಿಮೆಯಾಗಬಹುದು. ಕಣಗಳ ಒಳಗಿದ್ದ ಪೊಟ್ಯಾಸಿಯಂ ಹೊರಗೆ ಸೋರಿ, ಇಲ್ಲದ ಅಪಾಯವನ್ನು ತೋರಿಸುತ್ತದೆ. ‘ಹೀಮೊಲೈಸ್ಡ್’ ಎಂದು ರಿಪೋರ್ಟಿನ ಮೂಲೆಯಲ್ಲಿ ಬರೆದಿದ್ದರೆ ಗಾಬರಿಯಾಗಬೇಡಿ, ಇನ್ನೊಮ್ಮೆ ರಕ್ತ ಕೊಡಿ. ಹಾಗೆಯೇ ಹಿಂದಿನ ರಾತ್ರಿ ಮದುವೆಯೂಟದಲ್ಲಿ ತುಪ್ಪ, ಕರಿದದ್ದು ಯಥೇಚ್ಛವಾಗಿ ತಿಂದು ಬೆಳಿಗ್ಗೆ ಹೋಗಿ ಕುಳಿತರೆ ಕೆಲವರ ರಕ್ತದ ದ್ರವ ಹಾಲಿನಂತೆ ಕದಡಿರುತ್ತದೆ. ಆ ಕದಡಿಗೆ ಬೆಳಕು ಚದುರುತ್ತದೆ. ಚದುರಿದ್ದನ್ನೂ ನುಂಗಿದ್ದೆಂದೇ ಯಂತ್ರ ಲೆಕ್ಕ ಹಾಕುತ್ತದೆ. ರಕ್ತಹೀನತೆ ಇದ್ದವರಿಗೂ ಹಿಮೋಗ್ಲೋಬಿನ್ ಚೆನ್ನಾಗಿದೆ ಎಂಬ ರಿಪೋರ್ಟ್ ಬರುವುದು ಹೀಗೆ. ಬಿಳುಚಿದ ಕಣ್ಣುರೆಪ್ಪೆಗೂ ಕಾಗದದ ಅಂಕಿಗೂ ತಾಳೆಯಾಗದಿದ್ದರೆ ನಾನು ಮೊದಲು ನಂಬುವುದು ಕಣ್ಣುರೆಪ್ಪೆಯನ್ನು.

ಪ್ರತಿ ವಸ್ತುವೂ ತನಗಿಷ್ಟವಾದ ಬಣ್ಣದ ಬೆಳಕನ್ನೇ ನುಂಗುತ್ತದೆ ಎಂಬುದು ಈ ವಿದ್ಯೆಯ ಇನ್ನೊಂದು ಮುಖ. 1860ರ ದಶಕದಲ್ಲಿ ಜರ್ಮನಿಯ ಹೋಪೆ-ಸೈಲರ್ ಮತ್ತು ಇಂಗ್ಲೆಂಡಿನ ಸ್ಟೋಕ್ಸ್ ರಕ್ತದ ಮೂಲಕ ಬೆಳಕು ಹಾಯಿಸಿ ನೋಡಿದಾಗ, ಆಮ್ಲಜನಕ ತುಂಬಿದ ರಕ್ತ ವರ್ಣಪಟಲದಲ್ಲಿ ಎರಡು ಕಪ್ಪು ಪಟ್ಟೆಗಳನ್ನು ಮೂಡಿಸುವುದು ಕಂಡಿತು. ಆಮ್ಲಜನಕ ಕಳೆದುಕೊಂಡರೆ ಎರಡರ ಬದಲು ಒಂದೇ ಅಗಲವಾದ ಪಟ್ಟೆ. ಜಪಾನಿನ ಟಕುವೊ ಅಒಯಾಗಿ 1974ರಲ್ಲಿ ಇದೇ ಭೇದವನ್ನು ನಾಡಿಯ ಬಡಿತದ ಜೊತೆ ಸೇರಿಸಿದರು. ಕೊರೊನಾ ಕಾಲದಲ್ಲಿ, 2020-21ರಲ್ಲಿ, ನಮ್ಮಲ್ಲಿ ಎಷ್ಟೋ ಮನೆಗಳು ಕೊಂಡ ಪಲ್ಸ್ ಆಕ್ಸಿಮೀಟರ್ ಅದರ ಫಲ. ಬೆರಳಿಗೆ ಸಿಕ್ಕಿಸುವ ಆ ಚಿಮುಟದಲ್ಲಿ ಒಂದು ಕೆಂಪು ದೀಪ, ಕಣ್ಣಿಗೆ ಕಾಣದ ಒಂದು ಅವಗೆಂಪು ದೀಪ ಇವೆ. ಎರಡನ್ನೂ ರಕ್ತ ಎಷ್ಟೆಷ್ಟು ನುಂಗಿತು ಎಂದು ಹೋಲಿಸಿ ಅದು 98 ಎಂದೋ 91 ಎಂದೋ ಹೇಳುತ್ತದೆ.

ಈ ಪುಟ್ಟ ಯಂತ್ರವನ್ನೂ ಬಣ್ಣ ಮೋಸಗೊಳಿಸುತ್ತದೆ. ಕಪ್ಪು ಮೈಬಣ್ಣದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚಿನ ಅಂಕಿ ತೋರಿಸುತ್ತದೆಂದು 2020ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ನಮ್ಮ ದೇಶದವರು ಗಮನದಲ್ಲಿ ಇಟ್ಟುಕೊಳ್ಳಬೇಕಾದ ಮಾತು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿ ಎಚ್ಚರ ತಪ್ಪಿದವರಲ್ಲಂತೂ ಅದನ್ನು ನಂಬಲೇಬಾರದು. ಇಂಗಾಲದ ಮಾನಾಕ್ಸೈಡ್ ಹಿಡಿದ ರಕ್ತ ಆ ಯಂತ್ರದ ಕಣ್ಣಿಗೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುತ್ತದೆ. ಪರದೆಯ ಮೇಲೆ 99 ಇರುತ್ತದೆ, ಮನುಷ್ಯ ಸಾಯುತ್ತಿರುತ್ತಾನೆ. ಕಿಟಕಿ ಬಾಗಿಲು ತೆರೆದು, ಅವರನ್ನು ಹೊರಗೆ ಗಾಳಿಗೆ ತಂದು, ಆಮ್ಲಜನಕ ಇರುವ ಆಸ್ಪತ್ರೆಗೆ ಒಯ್ಯಿರಿ.

ಉಳಿದಂತೆ ಮನೆಯಲ್ಲಿ ನೋಡಿಕೊಳ್ಳುವಾಗ ಉಗುರಿನ ಬಣ್ಣ ಒರೆಸಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಬೆರಳು ಅಲ್ಲಾಡಿಸದೆ ಕಾಯಿರಿ. ಅಂಕಿ 97 ಇದ್ದರೂ ಒಂದು ವಾಕ್ಯ ಆಡಿ ಮುಗಿಸುವಷ್ಟರಲ್ಲಿ ಏದುಸಿರು ಬರುತ್ತಿದ್ದರೆ, ಇನ್ನೊಂದು ಬೆರಳಿಗೆ ಹಾಕಿ ನೋಡುತ್ತಾ ಹೊತ್ತು ಕಳೆಯಬೇಡಿ, ಆಟೋ ಕರೆಯಿರಿ.