ಹಳೇ ಲ್ಯಾಪ್‌ಟಾಪಿಗೆ ಇನ್ನೆಷ್ಟು ಸುರಿಯೋಣ?

ಹೊಸ ಲ್ಯಾಪ್‌ಟಾಪಿಗೆ 48,000 ರೂಪಾಯಿ. ಐದು ವರ್ಷ ಬಾಳಿಕೆ ಬರುತ್ತದೆ ಅಂದುಕೊಂಡರೆ ತಿಂಗಳಿಗೆ 800 ಬಿತ್ತು. ಹಳೆಯದಕ್ಕೆ ಆರು ಸಾವಿರ ಹಾಕಿ, ಅದು ಏಳೂವರೆ ತಿಂಗಳು ಓಡಿದರೆ ಹಾಕಿದ ದುಡ್ಡು ಹುಟ್ಟಿತು. ಅಲ್ಲಿಂದಾಚೆ ಓಡಿದ್ದೆಲ್ಲ ಲಾಭ. ನನ್ನ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಬೇಕೋ ಬೇಡವೋ ಎಂಬ ಚರ್ಚೆ ಮನೆಯಲ್ಲಿ ಎದ್ದಾಗ ಹಾಲಿನ ಬಿಲ್ಲಿನ ಹಿಂದೆ ನಾನು ಗೀಚಿಕೊಂಡದ್ದು ಇಷ್ಟೇ.

ಯಂತ್ರ 2018ರದು. ಇಂಟೆಲ್‌ನ ಏಳನೇ ತಲೆಮಾರಿನ ಐ5, ಬೋರ್ಡಿಗೇ ಬೆಸುಗೆ ಹಾಕಿದ 4 ಜಿಬಿ ರ‍್ಯಾಮ್, ಪಕ್ಕದಲ್ಲೊಂದು ಖಾಲಿ ಸ್ಲಾಟು, ಒಂದು ಟಿಬಿ ಹಾರ್ಡ್ ಡಿಸ್ಕ್. ಎಕ್ಸೆಲ್ ಜತೆಗೆ ಬ್ರೌಸರಿನಲ್ಲಿ ಜಿಎಸ್‌ಟಿ ಪೋರ್ಟಲನ್ನೂ ಬ್ಯಾಂಕಿನ ಪುಟವನ್ನೂ ತೆರೆದರೆ ಮೌಸಿನ ಬಾಣ ಇದ್ದಲ್ಲೇ ನಿಂತುಬಿಡುತ್ತಿತ್ತು. "ಎಕ್ಸ್‌ಚೇಂಜಿಗೆ ಹಾಕಿ ಹೊಸದು ತಗೊಂಡುಬಿಡು, ನೋ ಕಾಸ್ಟ್ ಇಎಂಐ ಇದೆಯಲ್ಲ" ಅಂದರು ನಮ್ಮ ಮನೆಯವರು. ಎಕ್ಸ್‌ಚೇಂಜಿನಲ್ಲಿ ನನ್ನದಕ್ಕೆ ತೋರಿಸಿದ ಬೆಲೆ 2,300 ರೂಪಾಯಿ. ಇನ್ನು ನೋ ಕಾಸ್ಟ್ ಅನ್ನುವುದು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ: ಬಡ್ಡಿಯಷ್ಟನ್ನು ಮೊದಲು ಡಿಸ್ಕೌಂಟ್ ಎಂದು ಕಳೆಯುತ್ತಾರೆ, ಆಮೇಲೆ ಬ್ಯಾಂಕು ಅದನ್ನೇ ಕಂತಿನಲ್ಲಿ ಬಡ್ಡಿಯೆಂದು ವಸೂಲು ಮಾಡುತ್ತದೆ, ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಮೇಲೊಂದಿಷ್ಟು ಪ್ರೊಸೆಸಿಂಗ್ ಫೀ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿಯಾಗಿದೆ. ಹೆಸರು ಬದಲಾಯಿತು, ವ್ಯಾಪಾರ ನಿಲ್ಲಲಿಲ್ಲ.

ದುಡ್ಡು ಬಿಚ್ಚುವ ಮೊದಲು ಕಾಯಿಲೆ ಯಾವುದೆಂದು ತಿಳಿಯಬೇಕು. ಅದಕ್ಕೆ ಯಾರನ್ನೂ ಕೇಳಬೇಕಿಲ್ಲ. ದಿನದಲ್ಲಿ ಅತಿ ಹೆಚ್ಚು ಕೆಲಸವಿರುವ ಹೊತ್ತಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ಒಳಗೆ ಮೆಮೊರಿ. ಎಲ್ಲರ ಕಣ್ಣೂ ಶೇಕಡಾವಾರು ಅಂಕಿಯ ಮೇಲೆ ಹೋಗುತ್ತದೆ. ನೋಡಬೇಕಾದದ್ದು ಅದರ ಕೆಳಗಿನ 'ಕಮಿಟೆಡ್' ಎಂಬ ಸಣ್ಣ ಸಾಲು. ಓಡುತ್ತಿರುವ ಪ್ರೋಗ್ರಾಮುಗಳೆಲ್ಲ ಸೇರಿ ಕೇಳಿಕೊಂಡಿರುವ ಜಾಗ ಅದು. ನನ್ನದರಲ್ಲಿ 7.2 ಜಿಬಿ ಅಂತ ಇತ್ತು. ಇರುವುದು ನಾಲ್ಕು. ಅದೇ ಹೊತ್ತಿಗೆ ಡಿಸ್ಕ್ ಕೂಡ 100% ತೋರಿಸುತ್ತಿತ್ತು.

ಎರಡಕ್ಕೂ ನಂಟಿದೆ. ರ‍್ಯಾಮ್ ಅಂದರೆ ಅಡುಗೆಮನೆಯ ಕಟ್ಟೆ, ಹಾರ್ಡ್ ಡಿಸ್ಕ್ ಅಂದರೆ ಅಟ್ಟ. ಕಟ್ಟೆ ತುಂಬಿದಾಗ ಒಂದು ಪಾತ್ರೆ ಇಳಿಸಲು ಇನ್ನೊಂದನ್ನು ಅಟ್ಟಕ್ಕೇರಿಸಬೇಕು, ಮತ್ತೆ ಬೇಕಾದಾಗ ಏಣಿ ಹತ್ತಬೇಕು. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಏಣಿ ಹತ್ತುವ ಕೆಲಸ ಬೇಗ ಆಗುತ್ತದೆ, ರ‍್ಯಾಮ್ ಹಾಕಿದರೆ ಹತ್ತುವ ಪ್ರಸಂಗವೇ ಕಡಿಮೆ. ಈಗಾಗಲೇ 8 ಜಿಬಿ ಇದ್ದು, ಕಮಿಟೆಡ್ ಆರರ ಆಸುಪಾಸಿನಲ್ಲೇ ನಿಂತಿದ್ದರೆ ಇನ್ನೂ ಎಂಟು ಹಾಕಿಸಿ ಪ್ರಯೋಜನವಿಲ್ಲ. ಅಂಥವರಿಗೆ ಬೇಕಿರುವುದು ಎಸ್‌ಎಸ್‌ಡಿ ಮಾತ್ರ. ಕೆಲವು ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಸ್ಲಾಟೇ ಇರುವುದಿಲ್ಲ, ಮ್ಯಾಕ್‌ಬುಕ್ ಏರ್‌ನಲ್ಲಂತೂ ಇಲ್ಲವೇ ಇಲ್ಲ. ಅಲ್ಲಿಗೆ ಚರ್ಚೆ ಮುಗಿಯಿತು.

ಈ ಲೆಕ್ಕ ಮೊದಲಾಗಿದ್ದರೆ ಸುಲಭವಿತ್ತು. 2025ರ ಆರಂಭದಲ್ಲಿ ಒಂದೂವರೆ, ಎರಡು ಸಾವಿರಕ್ಕೆ ಸಿಗುತ್ತಿದ್ದ 8 ಜಿಬಿಯ ಡಿಡಿಆರ್4 ಸ್ಟಿಕ್ಕಿನ ಬೆಲೆ ವರ್ಷ ಮುಗಿಯುವ ಹೊತ್ತಿಗೆ ಎರಡು ಮೂರು ಪಟ್ಟಾಯಿತು. ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲು ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಮೂರೇ ಕಂಪನಿ. ಎಐ ಡೇಟಾ ಸೆಂಟರುಗಳು ಹೆಚ್ಚು ಕಾಸು ಕೊಟ್ಟು ಬೇರೆ ಬಗೆಯ ಮೆಮೊರಿ ಕೇಳುತ್ತಿರುವಾಗ ಅವರು ನಮ್ಮ ನಿಮ್ಮ ಸ್ಟಿಕ್ಕಿಗೆ ಯಾಕೆ ಕೂರುತ್ತಾರೆ? ನಮ್ಮಂಥ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡಿನ ವಹಿವಾಟಿನಿಂದ ಹೊರಬರುವುದಾಗಿ 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಹೇಳಿಯೇಬಿಟ್ಟಿತು. ಹಾಗಾಗಿ 'ರ‍್ಯಾಮ್ ಅಗ್ಗ, ಹಾಕಿಸಿಬಿಡಿ' ಎಂಬ ಹಳೇ ಸಲಹೆಗೆ ಈಗ ಬೆಲೆಯಿಲ್ಲ.

ಬೆಂಗಳೂರಿನ ಪುರಭವನದ ಬಳಿಯ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋಗುವ ಮೊದಲು ನಾನೊಂದು ಮಿತಿ ಹಾಕಿಕೊಂಡೆ: ಈ ಲ್ಯಾಪ್‌ಟಾಪು ಮೂಲೆ ಸೇರುವವರೆಗೆ ಇದಕ್ಕೆ ಒಟ್ಟು ಆರು ಸಾವಿರ. ಹೊಸದರ ಬೆಲೆಯ ಎಂಟನೇ ಒಂದು ಪಾಲು. ಈ ಮಿತಿ ಒಂದು ಬಿಡಿಭಾಗದ್ದಲ್ಲ, ಯಂತ್ರದ್ದು. ರಿಪೇರಿ ಖರ್ಚಿನ ಸ್ವಭಾವವೇ ಹಾಗೆ, ಎಂದೂ ಒಟ್ಟಿಗೆ ಬರುವುದಿಲ್ಲ. ಇವತ್ತು ರ‍್ಯಾಮ್, ಯುಗಾದಿಗೆ ಬ್ಯಾಟರಿ, ಆಷಾಢಕ್ಕೆ ಕೀಬೋರ್ಡು. ಪ್ರತಿ ಸಲವೂ 'ಇಷ್ಟು ಹಾಕಿದ್ದೀವಲ್ಲ, ಇದೊಂದು ಹಾಕಿಬಿಡೋಣ' ಎಂಬ ಸಮಾಧಾನ ಬೇರೆ.

ಅಂಗಡಿಯ ಹುಡುಗ ಸಣ್ಣ ಸ್ಕ್ರೂ ಡ್ರೈವರಿನಿಂದ ಕೆಳಗಿನ ಮುಚ್ಚಳ ಬಿಚ್ಚಿ, ಫ್ಯಾನಿನ ಧೂಳಿಗೆ ಬ್ರಷ್ ಆಡಿಸುತ್ತಾ, "ಹೊಸದು ಬೇಕಾ, ಸೆಕೆಂಡ್ಸ್ ಆಗ್ಬಹುದಾ ಮೇಡಂ?" ಅಂದ. ಬಿಲ್ಲು, ಕಂಪನಿ ವಾರಂಟಿ ಇರುವ ಹೊಸ 8 ಜಿಬಿಗೆ 5,800. ಇನ್ನೊಂದು ಲ್ಯಾಪ್‌ಟಾಪಿನಿಂದ ಬಿಚ್ಚಿದ್ದಕ್ಕೆ 3,000, ಚೀಟಿಯ ಮೇಲೆ ಬರೆದುಕೊಡುವ ಒಂದು ತಿಂಗಳ ಗ್ಯಾರಂಟಿ. ನಾಲ್ಕರ ಪಕ್ಕ ಎಂಟು ಹಾಕಿದರೆ ಜೋಡಿಯಾಗದು, ಕೆಲಸ ಮಾಡದು ಎಂದು ಪಕ್ಕದಲ್ಲಿ ನಿಂತಿದ್ದ ಗಿರಾಕಿಯೊಬ್ಬರು ಪುಕ್ಕಟೆ ಸಲಹೆ ಕೊಟ್ಟರು. ಹಾಗೇನಿಲ್ಲ. ಇಂಟೆಲ್ ಯಂತ್ರಗಳಲ್ಲಿ ಸರಿಸಮವಾದಷ್ಟು ಭಾಗ ಜೋಡಿಯಾಗಿ, ಉಳಿದದ್ದು ಒಂಟಿಯಾಗಿ ನಡೆಯುತ್ತದೆ. ಡಿಡಿಆರ್3 ಜಾಗದಲ್ಲಿ ಡಿಡಿಆರ್4 ಮಾತ್ರ ಕೂರುವುದಿಲ್ಲ, ಅಂಚಿನ ಕಚ್ಚಿನ ಜಾಗವೇ ಬೇರೆ.

ಸೆಕೆಂಡ್ಸ್ ರ‍್ಯಾಮ್ ಬಗ್ಗೆ ನನಗೆ ಅಷ್ಟೇನೂ ಅಳುಕಿಲ್ಲ. ತಿರುಗುವ, ಸವೆಯುವ ಭಾಗ ಅದರಲ್ಲಿಲ್ಲ. ಕೆಟ್ಟಿದ್ದರೆ ಪತ್ತೆ ಹಚ್ಚಲು ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನಸ್ಟಿಕ್ ಎಂಬ ಪರೀಕ್ಷೆಯಿದೆ, ಅದನ್ನು ಗ್ಯಾರಂಟಿಯ ತಿಂಗಳೊಳಗೆ ಓಡಿಸಿ ನೋಡಬೇಕು. ಸೆಕೆಂಡ್ಸ್ ಎಸ್‌ಎಸ್‌ಡಿಯನ್ನು ಮಾತ್ರ ನಾನು ಮುಟ್ಟುವುದಿಲ್ಲ. ಅದು ಬರೆದಷ್ಟೂ ಸವೆಯುವ ವಸ್ತು, ಮೇಲಾಗಿ ನನ್ನ ಲೆಕ್ಕಪತ್ರವೆಲ್ಲ ಅದರೊಳಗೇ ಇರುವುದು. ಹೊಸ 256 ಜಿಬಿಗೆ 2,600, ಕೂಲಿ 300. ಒಟ್ಟು 5,900.

ಎರಡಕ್ಕೂ ದುಡ್ಡು ಕೊಟ್ಟೆನಾದರೂ ನನ್ನ ಪುಸ್ತಕದಲ್ಲಿ ಎರಡೂ ಒಂದೇ ಅಲ್ಲ. ಲ್ಯಾಪ್‌ಟಾಪು ಸತ್ತ ಮೇಲೆ ಎಸ್‌ಎಸ್‌ಡಿಯನ್ನು ತೆಗೆದು, ಕೆಲವು ನೂರು ರೂಪಾಯಿಯ ಯುಎಸ್‌ಬಿ ಕೇಸಿಗೆ ಹಾಕಿದರೆ ಬ್ಯಾಕಪ್‌ಗಾಯಿತು. ರ‍್ಯಾಮ್ ಹಾಗೆ ಜತೆಗೆ ಬರುವುದಿಲ್ಲ. ಈಗಿನ ಹೊಸ ಯಂತ್ರಗಳಲ್ಲಿ ಹೆಚ್ಚಿನವು ಡಿಡಿಆರ್5, ಇಲ್ಲವೇ ಬೆಸುಗೆ ಹಾಕಿದವು. ಆ ಮೂರು ಸಾವಿರ ಈ ಯಂತ್ರದ ಜತೆಗೇ ಹೋಗುವ ದುಡ್ಡು. ಒಂದನ್ನೇ ಕೊಳ್ಳುವಷ್ಟು ಕಾಸಿದ್ದಿದ್ದರೆ ಎಸ್‌ಎಸ್‌ಡಿ ಹಾಕಿಸಿ, ತಿಂಗಳ ಕೊನೆಯ ಕೆಲಸದ ಒತ್ತಡದಲ್ಲಿ ಅದು ಹೇಗೆ ನಡೆಯುತ್ತದೆಂದು ನೋಡಿಕೊಂಡೇ ರ‍್ಯಾಮ್‌ಗೆ ಹೋಗುತ್ತಿದ್ದೆ.

ಇನ್ನು ಆಯಸ್ಸಿನ ಪ್ರಶ್ನೆ. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮೇಲಿನದು. ನನ್ನದು ಒಂದು ಮೆಟ್ಟಿಲು ಕೆಳಗೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡವರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ, ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಇಟ್ಟವರಿಗೆ ಉಚಿತವಾಗಿ. ಆಮೇಲೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಲು ನಾನು ತಯಾರಿದ್ದೇನೆ. ತಯಾರಿಲ್ಲದವರು ಆ ದಿನವನ್ನೇ ಕೊನೆಯ ದಿನವೆಂದಿಟ್ಟುಕೊಂಡು ಎಷ್ಟು ತಿಂಗಳು ಸಿಗುತ್ತದೆಂದು ಎಣಿಸಬೇಕು. ಏಳೂವರೆಗಿಂತ ಕಡಿಮೆ ಬಂದರೆ ಆರು ಸಾವಿರ ಹಾಕಬಾರದು. ಅಪ್‌ಡೇಟ್ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವ ಉಳಿತಾಯ ಯಾರಿಗೂ ಬೇಡ.

ತೆರಿಗೆಯ ಆಸೆಗೆ ಹೊಸದು ಕೊಳ್ಳುವವರಿಗೂ ಒಂದು ಮಾತು. ವೃತ್ತಿಯ ಲೆಕ್ಕ ಬರೆಯುವವರಿಗೆ ಕಂಪ್ಯೂಟರಿನ ಮೇಲೆ ವರ್ಷಕ್ಕೆ 40% ಸವಕಳಿ ಸಿಗುತ್ತದೆ ನಿಜ, ಆದರೆ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧವೇ. ಮಾರ್ಚ್ ಕೊನೆಯ ವಾರ ಓಡಿಹೋಗಿ ತಂದರೆ ಸಿಗುವುದು 20%. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವ ನನ್ನಂಥವರಿಗೆ ಹೊಸ ಲ್ಯಾಪ್‌ಟಾಪಿಗೂ ಇಲ್ಲ, ಹಳೇ ಸ್ಟಿಕ್ಕಿಗೂ ಇಲ್ಲ.

ನನ್ನ ನಿರ್ಧಾರದ ವಿರುದ್ಧ ಒಂದು ಗಟ್ಟಿ ವಾದವಿದೆ, ಅದನ್ನೂ ಹೇಳಬೇಕು. 48,000ವನ್ನು ಒಂದು ವರ್ಷ 6.5% ಎಫ್‌ಡಿಯಲ್ಲಿಟ್ಟರೆ 3,120 ಬರುತ್ತದೆ, ಅದರ ಮೇಲೂ ತೆರಿಗೆ. ಮೆಮೊರಿ ತುಟ್ಟಿಯಾದ ಬಿಸಿ ಹೊಸ ಲ್ಯಾಪ್‌ಟಾಪಿಗೂ ತಟ್ಟಿ ಬೆಲೆ ಹತ್ತು ಪರ್ಸೆಂಟ್ ಏರಿದರೆ 4,800 ಹೆಚ್ಚು ತೆರಬೇಕು. ಕಾದವರಿಗೆ ಆಗ ನಷ್ಟವೇ. ಈ ವರ್ಷ ಹೇಗೂ ಹೊಸದು ಬೇಕೇಬೇಕು ಎನ್ನುವವರು ಹಳೆಯದಕ್ಕೆ ಒಂದು ರೂಪಾಯಿಯನ್ನೂ ಹಾಕದೆ ಕೊಂಡುಬಿಡುವುದೇ ಮೇಲು. ನನಗೆ ಎರಡು ವರ್ಷ ದೂಡುವ ಧೈರ್ಯವಿದೆ. ಹಿಂಜ್ ಗಟ್ಟಿಯಾಗಿದೆ, ಕೀಲಿಗಳೆಲ್ಲ ಒತ್ತುತ್ತವೆ, ಚಾರ್ಜಿಂಗ್ ಪಿನ್ ಅಲುಗುತ್ತಿಲ್ಲ. ಎರಡು ವರ್ಷ ಓಡಿದರೆ ತಿಂಗಳಿಗೆ 245 ಚಿಲ್ಲರೆ ಬೀಳುತ್ತದೆ.

ಈಗ ಎಕ್ಸೆಲ್, ಪೋರ್ಟಲ್, ಬ್ಯಾಂಕು ಮೂರೂ ತೆರೆದರೂ ಬಾಣ ಓಡಾಡುತ್ತದೆ. ಆದರೆ ಬ್ಯಾಟರಿ ಮುಕ್ಕಾಲು ಗಂಟೆಗೆ ಬಂದು ನಿಂತಿದೆ. ಅದೇ ಹುಡುಗ 2,800 ಆಗುತ್ತೆ ಅಂದಿದ್ದಾನೆ. ಮಿತಿಯಲ್ಲಿ ಉಳಿದಿರುವುದು ನೂರು ರೂಪಾಯಿ. ನಾನು ಹಾಕಿಸುವುದಿಲ್ಲ, ಪ್ಲಗ್ ಹತ್ತಿರವಿರುವ ಕುರ್ಚಿಯಲ್ಲೇ ಕೂರುತ್ತೇನೆ.